ಹಿಂದೆ ಕೂತು ಓಗೊಡುವವಳು

ಸಂಗೀತ ವಿಭಾಗದ ಮುಖ್ಯಸ್ಥರಿಗೆ ಅವಳು ಮನಸ್ಸಿನಲ್ಲೇ ಇಟ್ಟ ಹೆಸರು ಅದ್ಭುತ ಸಾಹೇಬರು. ಯಾರು ಏನು ಹಾಡಿದರೂ, ಯಾವ ವಾದ್ಯವನ್ನು ಎಷ್ಟೇ ಕೆಟ್ಟದಾಗಿ ನುಡಿಸಿದರೂ, ಮುಗಿಯುವ ಮೊದಲೇ ಕಣ್ಣು ಮುಚ್ಚಿ ‘ಅದ್ಭುತ’ ಎಂದುಬಿಡುವುದು ಅವರ ಅಭ್ಯಾಸ. ಅಭ್ಯಾಸವೇನು ಬಂತು, ಉದ್ಯೋಗವೇ ಅದು. ಗುಡ್ಡದವರ, ಅಂದರೆ ಅವಳ ಜನರ, ಹಾಡೆಂದರಂತೂ ಇನ್ನೊಂದು ‘ಅದ್ಭುತ’ ಹೆಚ್ಚಿಗೆ. ಒಮ್ಮೆ ಅವಳು ಹಾಡಲು ನಿಂತು ಗಂಟಲು ಸರಿಮಾಡಿಕೊಳ್ಳಲು ಕೆಮ್ಮಿದ್ದಕ್ಕೂ ಆ ಮಾತು ಉದುರಿತ್ತು. ಕೆಮ್ಮಿಗೂ ಹಾಡಿಗೂ ಒಂದೇ ಮರ್ಯಾದೆ ಕೊಡುವ ಮನುಷ್ಯನ ಹೊಗಳಿಕೆ ಕಟ್ಟಿಕೊಂಡು ಏನಾಗಬೇಕು ಎಂದು ಅವಳು ಅಂದೇ ಅವರ ಮೆಚ್ಚುಗೆಯ ಆಸೆ ಬಿಟ್ಟಳು.

ವಿಶ್ವವಿದ್ಯಾಲಯದಲ್ಲಿ ‘ಮೂಲನಿವಾಸಿ ಸಂಗೀತಗಾರರ ಬೆಂಬಲ ಯೋಜನೆ’ ಎಂಬ ಒಂದು ಯೋಜನೆಯಿತ್ತು. ಅದರ ಮೊದಲ ತಂಡದಲ್ಲಿ ಓದಿ, ಪದವಿ ಪಡೆದು, ಅಲ್ಲಿಯೇ ಸಂಶೋಧನಾ ಸಹಾಯಕಿಯಾಗಿ ಉಳಿದುಕೊಂಡವಳು ಅವಳೊಬ್ಬಳೇ. ತಲೆಯಲ್ಲಿ ಬಿಳಿಗೂದಲು ಇಣುಕುತ್ತಿದ್ದರೂ ವಿಭಾಗದವರಿಗೆ ಅವಳು ಇನ್ನೂ ‘ನಮ್ಮ ಹುಡುಗಿ’. ಹೊರಗಿನಿಂದ ಯಾರಾದರೂ ದೊಡ್ಡವರು ಬಂದರೆ ನಮ್ಮ ಹುಡುಗಿಯನ್ನು ಕರೆಯಿರಿ ಎನ್ನುವರು. ಅವಳು ಹೋಗಿ ನಿಲ್ಲಬೇಕು, ಅವರು ನೋಡಬೇಕು, ಬೆಂಬಲ ಆಯಿತು. ಅವಳ ಕೋಣೆ ಮೆಟ್ಟಿಲ ಕೆಳಗಿತ್ತು. ಹಿಂದೆ ಅಲ್ಲಿ ಕಾಲು ಮುರಿದ ಕುರ್ಚಿಗಳನ್ನೂ ತಂತಿ ಕಿತ್ತ ವಾದ್ಯಗಳನ್ನೂ ತುಂಬುತ್ತಿದ್ದರಂತೆ. ಈಗಲೂ ಯಾರಾದರೂ ಅಭ್ಯಾಸಬಲದಿಂದ ಬಾಗಿಲು ತೆರೆದು ಮುರಿದ ಕುರ್ಚಿಯೊಂದನ್ನು ಒಳಗೆ ತಳ್ಳಿ, ಅವಳನ್ನು ಕಂಡು ಹಲ್ಲು ಕಿರಿದು, ಕುರ್ಚಿಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಓಣಿಯ ಕೊನೆಯಲ್ಲಿ, ಶೌಚಾಲಯದ ಬಾಗಿಲ ಪಕ್ಕ, ಅವಳ ಸೋದರಮಾವನ ದೊಡ್ಡ ಫೋಟೋ ತೂಗುಹಾಕಿದ್ದರು. ಮಾವ ಬಾಯಿ ತೆರೆದು ಹಾಡುತ್ತಿದ್ದಾನೆ. ಕೆಳಗೆ ‘ಅಜ್ಞಾತ ಗಾಯಕ’ ಎಂದು ಬರೆದಿದೆ. ಅವನು ನನ್ನ ಸ್ವಂತ ಮಾವ, ಬದುಕಿದ್ದಾನೆ, ಬೇಕಿದ್ದರೆ ಫೋನ್ ಮಾಡಿ ಮಾತಾಡಿ ಎಂದು ಅವಳು ಅದೆಷ್ಟು ಸಲ ಹೇಳಿದ್ದಳೋ. ಚೌಕಟ್ಟು ಬಿಚ್ಚಿದರೆ ಗಾಜು ಒಡೆಯುತ್ತದೆ ಎಂದು ಅದನ್ನು ಹಾಗೆಯೇ ಬಿಟ್ಟಿದ್ದರು. ಗಾಜಿನ ಬಗ್ಗೆ ಅವರಿಗೆ ತುಂಬಾ ಕಾಳಜಿ.

ಇಷ್ಟು ತಾತ್ಸಾರ ಹೊಟ್ಟೆಯಲ್ಲಿಟ್ಟುಕೊಂಡು ಅವಳು ಅಲ್ಲೇ ಯಾಕೆ ಕೊಳೆಯುತ್ತಿದ್ದಳು? ಕಾರಣ ಒಂದೇ. ಅವಳ ತಾಯಿಯ ದನಿ ಆ ಕಟ್ಟಡದಲ್ಲಿತ್ತು.

ಗುಡ್ಡದವರ ದೊಡ್ಡ ಹಾಡನ್ನು ಒಬ್ಬರೇ ಹಾಡುವಂತಿಲ್ಲ. ಒಬ್ಬರು ಮುಂದೆ ಕೂತು ಒಂದು ಸಾಲು ಹಾಡಬೇಕು. ಇನ್ನೊಬ್ಬರು ಅವರ ಬೆನ್ನ ಹಿಂದೆ ಕೂತು ‘ಹೂಂ’ ಎಂದು ಒಂದು ಎಳೆಯಲ್ಲಿ ಓಗೊಡಬೇಕು. ಆ ಹೂಂ ಬಂದರೆ ಮಾತ್ರ ಮುಂದಿನ ಸಾಲು. ಸಾಲು ಸರಿಬರಲಿಲ್ಲವೋ, ಹಿಂದೆ ಕೂತವರು ಬಾಯಿ ಬಿಡುವುದಿಲ್ಲ. ಮುಂದಿನವರು ಅದೇ ಸಾಲನ್ನು ಮತ್ತೆ ಹಾಡಬೇಕು, ಒಪ್ಪಿಗೆ ಸಿಗುವ ತನಕ ಹಾಡುತ್ತಲೇ ಇರಬೇಕು. ನೋಡುವವರ ಕಣ್ಣಿಗೆ ಮುಂದೆ ಕೂತವನೇ ಗಾಯಕ. ಗೊತ್ತಿದ್ದವರಿಗೆ ಮಾತ್ರ ಯಜಮಾನಿಕೆ ಯಾರದೆಂದು ಗೊತ್ತು.

ಮಾವನ ಹಿಂದೆ ಕೂರುತ್ತಿದ್ದವಳು ಅವನ ತಂಗಿ, ಅಂದರೆ ಅವಳ ತಾಯಿ. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ವಿಶ್ವವಿದ್ಯಾಲಯದವರು ಯಂತ್ರ ಹೊತ್ತು ಗುಡ್ಡ ಹತ್ತಿ, ಅಣ್ಣತಂಗಿಯರ ಹಾಡನ್ನು ಟೇಪಿಗೆ ತುಂಬಿಕೊಂಡು ಹೋದರು. ಅದಾದ ಸ್ವಲ್ಪ ದಿನಕ್ಕೆ ತಾಯಿ ಜ್ವರ ಬಂದು ತೀರಿಕೊಂಡಳು. ಮಾವ ಆಮೇಲೆ ದೊಡ್ಡ ಹಾಡಿಗೆ ಬಾಯಿ ತೆರೆಯಲಿಲ್ಲ. ತಂಗಿಯ ಮಗಳನ್ನು ಸಾಕಿದ. ಮಕ್ಕಳ ಹಾಡು, ಕೆಲಸದ ಹಾಡು, ಬೈಗುಳದ ಹಾಡು ಎಲ್ಲವನ್ನೂ ಕಲಿಸಿದ. ಹಿಂದೆ ಕೂರುತ್ತೇನೆ ಎಂದರೆ ಮಾತ್ರ ಬಿಡಲಿಲ್ಲ.

“ಹೂಂ ಅನ್ನೋದನ್ನ ನಾನು ಕಲಿಸೋಕಾಗಲ್ಲ ಕಣೇ. ಅದು ನನ್ನ ಬೆನ್ನ ಹಿಂದೆ ನಡೀತಿತ್ತು. ನಿಮ್ಮಮ್ಮನ ಹೂಂ ಕೇಳಿದವಳು ಬಂದು ಕೂರಬೇಕು. ನೀನು ಕೇಳಿಲ್ಲವಲ್ಲ” ಎನ್ನುತ್ತಿದ್ದ.

ಕೇಳಬೇಕೆಂದರೆ ಆ ಟೇಪು ಬೇಕು. ಟೇಪು ವಿಭಾಗದ ಸಂಗ್ರಹದಲ್ಲಿತ್ತು. ವಿದ್ಯಾರ್ಥಿನಿಯಾಗಿ ಬಂದ ಮೊದಲ ದಿನವೇ ಅವಳು ಕೇಳಿದ್ದಳು. ಹಳೆಯ ಟೇಪು, ಓಡಿಸಿದರೆ ಹರಿದೀತು, ದುರಸ್ತಿಯಾಗಲಿ ಎಂದರು. ದುರಸ್ತಿಗೆ ಯಂತ್ರ ಬರಲಿ ಎಂದರು. ಯಂತ್ರ ಬಂದ ಮೇಲೆ ಯಂತ್ರ ಬಲ್ಲವನು ಬರಲಿ ಎಂದರು. ಹೀಗೆ ಅವಳ ಪ್ರಾಯ ಜಾರಿತು, ಮಾವನ ಹಲ್ಲು ಉದುರಿದವು. ಕೊನೆಗೆ ಸೌಂಡ್ ಎಂಜಿನಿಯರ್ ಒಬ್ಬ ಬಂದ.

ಕುತ್ತಿಗೆಗೆ ಸದಾ ಹೆಡ್‌ಫೋನ್ ನೇತುಹಾಕಿಕೊಂಡು ಓಡಾಡುವ ಈ ಎಂಜಿನಿಯರ್ ತನ್ನ ಕಿವಿಯ ಬಗ್ಗೆ ತಾನೇ ತುತ್ತೂರಿ ಊದಿಕೊಳ್ಳುವವನು. ಮೊದಲ ಭೇಟಿಯಲ್ಲೇ ಅವಳನ್ನು “ನಿಮ್ಮ ಹಾಡುಗಳಲ್ಲಿ ಶ್ರುತಿ ಅಂತ ಏನಾದ್ರೂ ಇರುತ್ತಾ?” ಎಂದು ಕೇಳಿದ್ದ. “ನಿಮ್ಮ ಮಾತಲ್ಲಿ ಮರ್ಯಾದೆ ಅಂತ ಇರುತ್ತಲ್ಲ, ಅಷ್ಟೇ ಇರುತ್ತೆ” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಂದವಳು ಮತ್ತೆ ಅವನ ಕೋಣೆಯ ಹೊಸ್ತಿಲು ತುಳಿದಿರಲಿಲ್ಲ.

ಅಂತೂ ಟೇಪುಗಳೆಲ್ಲ ಕಂಪ್ಯೂಟರಿಗೆ ಇಳಿದವು. ‘ಮರಳಿ ಬಂದ ದನಿಗಳು’ ಎಂಬ ಹೆಸರಿನಲ್ಲಿ ಬಿಡುಗಡೆ ಸಮಾರಂಭ ಇಟ್ಟುಕೊಂಡರು. ಅದಕ್ಕೂ ಮೊದಲೇ ಕೇಳಬಹುದೆಂದು ಅದ್ಭುತ ಸಾಹೇಬರು ಹೇಳಿದರು. ಅವಳು ಬೇಡವೆಂದಳು. ಅಷ್ಟು ಕಾಲ ಕಾದವಳು, ಮಾವನ ಪಕ್ಕದಲ್ಲೇ ಕೂತು ಕೇಳಬೇಕೆಂದು ಆಸೆಪಟ್ಟಳು.

ಸಮಾರಂಭದ ದಿನ ವಿಶ್ವವಿದ್ಯಾಲಯದ ವ್ಯಾನು ಮಾವನನ್ನು ಕರೆತಂದಿತು. ಮಾವ ಇಳಿದವನೇ ಕಟ್ಟಡವನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. “ಇಷ್ಟು ದೊಡ್ಡ ಮನೆ ಕಟ್ಟಿದಾರೆ, ಒಬ್ಬರ ಮುಖದಲ್ಲೂ ಊಟ ಮಾಡಿದ ಕಳೆ ಇಲ್ಲ” ಎಂದ. ಓಣಿಯಲ್ಲಿ ತನ್ನ ಫೋಟೋದ ಮುಂದೆ ನಿಂತ. ಕೆಳಗೆ ಬರೆದದ್ದನ್ನು ಅವಳು ಓದಿ ಹೇಳಿದಳು. “ಪರವಾಗಿಲ್ಲ ಬಿಡು. ಇವರೂ ನನಗೆ ಅಜ್ಞಾತರೇ” ಎಂದು ಶೌಚಾಲಯ ಹೊಕ್ಕ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಡೀನ್, ಕುಲಪತಿಗಳ ಪರವಾಗಿ ಬಂದವರು, ಅವರ ಪರವಾಗಿ ಚಪ್ಪಾಳೆ ತಟ್ಟಲು ಬಂದವರು. ಮಾವನ ಕೈಗೆ ಅವನ ಎದೆ ಮುಚ್ಚುವಷ್ಟು ದೊಡ್ಡ ಹೂಗುಚ್ಛ ಕೊಟ್ಟು ವೇದಿಕೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಅವಳು. ಅದ್ಭುತ ಸಾಹೇಬರು ಮೈಕಿನ ಮುಂದೆ ನಿಂತು, ತಾವು ಈ ದನಿಗಳನ್ನು ಸಾವಿನ ದವಡೆಯಿಂದ ಎಳೆದು ತಂದ ಕಥೆಯನ್ನು ಉದ್ದಕ್ಕೆ ಹೇಳಿದರು. ಕೇಳಿದವರಿಗೆ ಸಾಹೇಬರು ಹುಲಿಯೊಡನೆ ಕುಸ್ತಿ ಮಾಡಿ ಬಂದಿದ್ದಾರೆ ಅನ್ನಿಸಬೇಕು. ಮಾವ ಹೂಗುಚ್ಛದ ಸಂದಿಯಿಂದ ಆಕಳಿಸಿದ.

ಕೊನೆಗೆ ದೀಪಗಳು ಮಂಕಾದವು. ಸ್ಪೀಕರುಗಳಿಂದ ಮಾವನ ಹರೆಯದ ದನಿ ಹೊಮ್ಮಿತು. ಕಂಚಿನಂಥ ಗಂಟಲು, ಒಂದು ಗೀರೂ ಇಲ್ಲದೆ. ಮೊದಲ ಸಾಲು ಮುಗಿಯಿತು. ಅವಳು ಮೈಯೆಲ್ಲ ಕಿವಿಯಾಗಿ ಕಾದಳು. ಎರಡನೆಯ ಸಾಲು ಶುರುವಾಯಿತು.

ನಡುವೆ ಏನೂ ಬರಲಿಲ್ಲ. ಉಸಿರಾಡುವಷ್ಟು ಬಿಡುವೂ ಇಲ್ಲ. ಎರಡರ ಹಿಂದೆ ಮೂರು, ಮೂರರ ಹಿಂದೆ ನಾಲ್ಕು, ಯಾರೋ ಅಟ್ಟಿಸಿಕೊಂಡು ಬಂದಂತೆ ಮಾವ ಹಾಡುತ್ತ ಹೋದ. ಬಹುಶಃ ಮುಂದೆ ಬರಬಹುದು, ತಾಯಿ ತಡವಾಗಿ ಶುರುಮಾಡಿರಬಹುದು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಡು ಮುಗಿದೇಹೋಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮಾವ ಅವಳ ತೋಳು ಹಿಡಿದು ಜಗ್ಗಿದ. “ಅವಳೆಲ್ಲಿ?” ಎಂದ.

ಅಷ್ಟರಲ್ಲಿ ಅದ್ಭುತ ಸಾಹೇಬರು ಮಾವನ ಬಾಯಿಗೆ ಮೈಕು ಹಿಡಿದರು. “ಅಜ್ಜ, ನಿಮ್ಮ ದನಿ ಕೇಳಿ ಏನನ್ನಿಸ್ತು? ಎರಡು ಮಾತು ಹೇಳಿ.”

ಮಾವ ಮೈಕನ್ನೂ ಅವರನ್ನೂ ನೋಡಿದ. “ಯಾರೋ ನನ್ನ ಹಾಗೇ ಹಾಡಿದಾನೆ. ಗಂಟಲು ಚೆನ್ನಾಗಿದೆ. ಆದ್ರೆ ಪಾಪ, ಅವನಿಗೆ ಹಿಂದೆ ಯಾರೂ ಇಲ್ಲ. ನಮ್ಮಲ್ಲಿ ಹೀಗೆ ಒಬ್ಬನೇ ಹಾಡ್ಕೊಂಡು ಹೋಗೋನಿಗೆ ತಲೆ ಕೆಟ್ಟಿದೆ ಅಂತಾರೆ. ಮನೆಗೆ ಕರ್ಕೊಂಡು ಹೋಗಿ ಮಲಗಿಸ್ತಾರೆ” ಎಂದ.

ಸಭೆ ಗೊಳ್ಳೆಂದು ನಕ್ಕಿತು. ಎಂಥ ವಿನಯ ಎಂದು ಡೀನ್ ಪಕ್ಕದವರಿಗೆ ಹೇಳಿದರು. “ಅದ್ಭುತ” ಎಂದರು ಸಾಹೇಬರು.

ತಿಂಡಿಯ ಮೇಜುಗಳತ್ತ ಜನ ನುಗ್ಗುತ್ತಿದ್ದಂತೆ ಅವಳು ಮಾವನ ಕೈ ಹಿಡಿದುಕೊಂಡು ನೇರ ಎಂಜಿನಿಯರನ ಕೋಣೆಗೆ ನಡೆದಳು. ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದ, ಕಿಟಕಿಯಿಲ್ಲದ ಕೋಣೆ. ಎಂಜಿನಿಯರ್ ಒಬ್ಬನೇ ಕೂತು ಕಾಗದದ ತಟ್ಟೆಯಿಂದ ಕೇಕು ತಿನ್ನುತ್ತಿದ್ದ. ಹೊಗಳಲು ಬಂದಿದ್ದಾರೆಂದು ತಿಳಿದು ಎದ್ದು ನಿಂತ.

“ಹೇಗಿತ್ತು ಮೇಡಂ? ಎಷ್ಟು ಗಲೀಜಿತ್ತು ಗೊತ್ತಾ ಆ ಟೇಪಲ್ಲಿ? ತಿಂಗಳುಗಟ್ಟಲೆ ಕೂತು ಗುಡಿಸಿದೀನಿ.”

“ಹಿಂದೆ ಒಂದು ಹೆಂಗಸಿನ ದನಿ ಇತ್ತು. ಅದೇನಾಯ್ತು?”

“ಯಾವ ಹೆಂಗಸು? ಓ, ಅದಾ? ಸಾಲು ಸಾಲಿಗೂ ಹೂಂ, ಹೂಂ ಅಂತ ಒಂದು ಗುಂಯ್‌ಗುಡೋ ಸದ್ದಿತ್ತು. ಅದನ್ನ ತೆಗೆದೆ. ತೆಗೆದ ಮೇಲೆ ಅಷ್ಟಷ್ಟು ದೂರ ಖಾಲಿ ಉಳೀತು. ಕತ್ತರಿಸಿ ಹತ್ತಿರ ತಂದೆ. ಅಜ್ಜ ಒಂದೇ ಸಾಲನ್ನ ಮತ್ತೆ ಮತ್ತೆ ತಪ್ಪು ಮಾಡಿಕೊಂಡು ಹಾಡಿದ್ರು, ಅದರಲ್ಲಿ ಚೆನ್ನಾಗಿರೋದು ಒಂದು ಇಟ್ಟುಕೊಂಡೆ.”

ಅವಳಿಗೆ ಸಿಟ್ಟು ನೆತ್ತಿಗೇರಿತು. “ಅದು ನಮ್ಮಮ್ಮ. ನೀನು ಗುಡಿಸಿ ಹಾಕಿದ್ದು ನಮ್ಮಮ್ಮನ್ನ. ತಿಳಿಯದಿದ್ರೆ ಕೇಳೋಕೆ ನಿನಗೆ ಬಾಯಿರಲಿಲ್ವಾ?”

ಅವನ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. “ಕೇಳಿದ್ದೆನಲ್ಲ ಮೇಡಂ. ಫೋನ್ ಮಾಡಿದ್ದೆ. ಮಧ್ಯದಲ್ಲಿ ಏನೋ ಹೂಂ ಅಂತ ಬರ್ತಿದೆ, ಒಂದ್ಸಲ ಬಂದು ಕೇಳ್ತೀರಾ ಅಂದೆ. ‘ನೀವು ದೊಡ್ಡ ಕಿವಿಯವರು, ನಿಮಗೆ ತಿಳಿಯದ್ದು ನನಗೇನು ತಿಳಿಯುತ್ತೆ’ ಅಂತ ಹೇಳಿ ಇಟ್ಟುಬಿಟ್ರಿ.”

ಅವಳು ಅಂದದ್ದು ನಿಜ. ಅಂದು ಎಂಜಿನಿಯರನಿಗೆ ಸರಿಯಾಗಿ ಮಂಗಳಾರತಿ ಮಾಡಿದೆನೆಂದು ಅವಳು ದಿನವಿಡೀ ಖುಷಿಯಾಗಿದ್ದಳು. ಅವನು ಪೂರ್ತಿ ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಇವರಿಗೆಲ್ಲ ಕಿವಿಯಿಲ್ಲ ಎಂದು ಊರೆಲ್ಲ ಜರೆಯುತ್ತಿದ್ದವಳು, ತಾಯಿಯ ಹೂಂನ ಸುದ್ದಿ ಫೋನಿನಲ್ಲಿ ಬಾಗಿಲಿಗೆ ಬಂದಾಗ ತಾನೇ ಕಿವುಡಾಗಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು.

“ಮೂಲ ಟೇಪು ಕೊಡಿ” ಎಂದಳು, ಈಗ ದನಿ ತಗ್ಗಿಸಿ.

“ಬೂಷ್ಟು ಹಿಡಿದಿತ್ತು ಮೇಡಂ. ಕಂಪ್ಯೂಟರಿಗೆ ಬಂದ ಮೇಲೆ ಇನ್ಯಾಕೆ, ಜಾಗ ಖಾಲಿ ಮಾಡಿ ಅಂದ್ರು ಸಾಹೇಬರು. ಬಿಸಾಕಿದ್ವಿ.”

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು. ಮಾವ ಸ್ಪಂಜಿನ ಗೋಡೆಯನ್ನು ಬೆರಳಿನಿಂದ ಒತ್ತಿ, ಅದು ಮತ್ತೆ ಉಬ್ಬುವುದನ್ನು ನೋಡುತ್ತಿದ್ದ. ಆಮೇಲೆ ಎಂಜಿನಿಯರನ ಕಡೆ ತಿರುಗಿ, ಬೀದಿಯಲ್ಲಿ ದಾರಿ ಕೇಳುವವನಂತೆ ಕೇಳಿದ. “ಗುಡಿಸಿದ್ದನ್ನ ಎಲ್ಲಿ ಹಾಕ್ತೀಯಪ್ಪ?”

“ಏನಜ್ಜ?”

“ಗುಡಿಸಿದೆ ಅಂದೆಯಲ್ಲ. ಕಸ ಎಲ್ಲಾದ್ರೂ ಹಾಕಿರಬೇಕಲ್ಲ.”

ಎಂಜಿನಿಯರ್ ತಟ್ಟೆ ಪಕ್ಕಕ್ಕಿಟ್ಟ. ಅವನು ತೆಗೆದ ಸದ್ದುಗಳನ್ನು ಹಾಗೆಯೇ ಬೇರೆ ಕಡೆ ಉಳಿಸುವ ರೂಢಿಯವನು. ನಾಳೆ ಯಾರಾದರೂ ಎಷ್ಟು ಗಲೀಜಿತ್ತು ತೋರಿಸು ಎಂದರೆ ತೋರಿಸಿ ಮೆಚ್ಚುಗೆ ಗಿಟ್ಟಿಸಬೇಕಲ್ಲ. ಕಂಪ್ಯೂಟರಿನಲ್ಲಿ ಹುಡುಕಿದ. ಕತ್ತರಿ ಹಾಕುವ ಮೊದಲಿನದು, ಪೂರ್ತಿ ಉದ್ದದ್ದು, ಇತ್ತು. “ಬರೀ ಗಲಾಟೆ ಇದೆ ಮೇಡಂ. ಅಜ್ಜನ ಹಾಡು ಇದರಲ್ಲಿ ಬರಲ್ಲ. ಒಂದು ಮಗು ಬೇರೆ ಇದೆ, ಉದ್ದಕ್ಕೂ ಬಾಯಿ ಮುಚ್ಚಲ್ಲ.”

“ಅದು ನಾನೇ” ಎಂದಳು ಅವಳು. “ಹಾಕಿ.”

ಮೊದಲು ಬರೀ ಸರ್ರೆಂಬ ಸದ್ದು. ಯಾರೋ ಕೆಮ್ಮಿದರು. ಪಾತ್ರೆಯೊಂದು ಉರುಳಿತು. ಮಗು ರಾಗ ಎಳೆಯಿತು. ಆಮೇಲೆ ಬಂತು ಹೂಂ. ಸಣ್ಣ ದನಿ, ಸ್ವಲ್ಪ ಮೂಗಿನಲ್ಲಿ, ಕೊನೆಯಲ್ಲಿ ಕೆಳಕ್ಕೆ ಬಾಗಿ ತಟ್ಟನೆ ನಿಲ್ಲುವಂಥದ್ದು. ಆಯ್ತಾಯ್ತು, ಮುಂದೆ ನಡಿ ಎನ್ನುವ ಹಾಗೆ. ಇಷ್ಟು ವರ್ಷ ಅವಳು ಕಲ್ಪಿಸಿಕೊಂಡ ತಾಯಿಯ ದನಿ ಜೇನಿನಂತೆ ಇರುತ್ತಿತ್ತು. ಇದು ಜೇನಲ್ಲ. ಗದರುವ ದನಿ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮಾವ ಕುರ್ಚಿಯನ್ನು ಸ್ಪೀಕರಿಗೆ ಬೆನ್ನು ಮಾಡಿ ತಿರುಗಿಸಿಕೊಂಡು ಕೂತ. “ಮೊದಲಿನಿಂದ ಹಾಕು” ಎಂದ. ಹಾಕಿದಾಗ, ಸರ್ರೆಂಬ ಸದ್ದಿನ ನಡುವೆ, ತಂಗಿ ಸತ್ತ ಮೇಲೆ ಮೊದಲ ಸಲ ದೊಡ್ಡ ಹಾಡಿನ ಮೊದಲ ಸಾಲು ಎತ್ತಿಕೊಂಡ. ಮುದಿ ಗಂಟಲು, ಹಲ್ಲಿಲ್ಲದ ಬಾಯಿ. ಸಾಲು ಮುಗಿಯಿತು. ಬೆನ್ನ ಹಿಂದಿನಿಂದ ಹೂಂ ಬಂತು. ಮಾವನ ಮುಖ ಅರಳಿತು. ಎರಡನೆಯ ಸಾಲು, ಹೂಂ. ಮೂರನೆಯದು, ಹೂಂ. ಎಂಜಿನಿಯರ್ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಮುಂದಿನ ಸಾಲಿಗೆ ಹೂಂ ಬರಲಿಲ್ಲ. ಮಾವ ಕಾದ. ಮತ್ತೆ ಹಾಡಿದ. ಬರಲಿಲ್ಲ. “ನೋಡಿದ್ಯಾ, ಒಪ್ತಾನೇ ಇಲ್ಲ” ಎಂದು ಅವಳ ಕಡೆ ನೋಡಿ ನಕ್ಕ. “ಅವತ್ತೂ ಇದೇ ಸಾಲಲ್ಲಿ ಸತಾಯಿಸಿದ್ಲು.” ಇನ್ನೊಮ್ಮೆ ಹಾಡಿದ, ಜೀವವೆಲ್ಲ ಗಂಟಲಿಗೆ ತಂದುಕೊಂಡು. ಅದು ನಿಜಕ್ಕೂ ಚೆನ್ನಾಗಿತ್ತು. ಹಿಂದಿನಿಂದ ಮಗುವಿನ ಅಳು ಮಾತ್ರ ಬಂತು. ಮಾವ ಮತ್ತೆ ಎತ್ತಿಕೊಂಡ. ಈ ಸಲ ಉಸಿರು ಸಾಲಲಿಲ್ಲ. ನಡುವೆ ಒಂದು ಪದ ಮರೆತು, ದನಿ ಒಡೆದು, ಸಾಲು ಕುಂಟುತ್ತ ಹೇಗೋ ಮುಗಿಯಿತು. ತಕ್ಷಣ ಹಿಂದಿನಿಂದ ಬಂತು, ಹೂಂ.

ಮಾವ ಹಾಡು ನಿಲ್ಲಿಸಿದ. ಹಿಂದೆ ಹೂಂ ಮುಂದುವರಿದೇ ಇತ್ತು. ಯಾರೂ ಹಾಡದ ಸಾಲುಗಳಿಗೆ ಒಂದರ ಮೇಲೊಂದು ಒಪ್ಪಿಗೆ ಬೀಳುತ್ತಿತ್ತು.

“ಅಷ್ಟು ಚೆನ್ನಾಗಿ ಹಾಡಿದಾಗ ಸುಮ್ಮನಿದ್ಲು” ಎಂದ ಮಾವ ಮೆಲ್ಲಗೆ. “ಈಗ ಕೆಡಿಸಿದೆ, ಒಪ್ಕೊಂಡುಬಿಟ್ಲು. ನನ್ನ ತಂಗಿ ಹಾಗೆಲ್ಲ ಒಪ್ಪೋಳಲ್ಲ. ಅವಳು ಸತ್ತೇಹೋಗಿದಾಳೆ ಕಣೇ. ನಿಜವಾಗ್ಲೂ ಸತ್ತೇಹೋಗಿದಾಳೆ.” ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ.

ಅದೇ ಹೊತ್ತಿಗೆ ಬಾಗಿಲಲ್ಲಿ ಚಪ್ಪಾಳೆ ಕೇಳಿಸಿತು. ಅದ್ಭುತ ಸಾಹೇಬರು ಯಾವಾಗಲೋ ಬಂದು ನಿಂತಿದ್ದರು; ಕಣ್ಣಲ್ಲಿ ನೀರು, ಕಂಕುಳಲ್ಲಿ ಮಾವನ ಹೂಗುಚ್ಛ. “ಅದ್ಭುತ ಅಜ್ಜ, ಅದ್ಭುತ. ಆ ಕೊನೇ ಸಾಲಂತೂ ಕರುಳು ಕಿವುಚಿಬಿಡ್ತು. ಈ ಗದ್ದಲವನ್ನೇ ಇಟ್ಟುಕೊಂಡು ಮುಂದಿನ ವರ್ಷ ಒಂದು ಸಂಶೋಧನೆ ಮಾಡಬಹುದು. ಇದನ್ನ ರೆಕಾರ್ಡ್ ಮಾಡಿಕೊಂಡ್ಯೇನಪ್ಪ?” ಎಂದು ಎಂಜಿನಿಯರನತ್ತ ತಿರುಗಿದರು.

“ಸರ್, ಬಾಯಿ ಮುಚ್ಚಿ” ಎಂದಳು ಅವಳು. “ಆ ಸಾಲು ಕೆಟ್ಟಿತ್ತು.”

ಸಾಹೇಬರ ಕೈಗಳು ಚಪ್ಪಾಳೆಯ ನಡುವೆಯೇ ನಿಂತವು. ಅವಳು ಎದ್ದು ಸ್ಪೀಕರ್ ಆರಿಸಿದಳು. ಮೂಗು ಒರೆಸಿಕೊಂಡು, ಸ್ಟೂಲನ್ನು ಎಳೆದುಕೊಂಡು ಹೋಗಿ ಮಾವನ ಬೆನ್ನ ಹಿಂದೆ ಕೂತಳು. ಮಾವ ತಿರುಗಿ ನೋಡಲು ಹೋದ.

“ಮುಂದೆ ನೋಡು” ಎಂದಳು. “ಕೆಡಿಸಿದೆಯಲ್ಲ, ಆ ಸಾಲು ಹಾಡು.”

ಮಾವ ಮುಂದಕ್ಕೆ ತಿರುಗಿ ಕೂತ. ಆಮೇಲೆ ಹಾಡಿದ. ಪದ ಈ ಸಲ ಸರಿಯಾಗಿ ಬಂತು, ದನಿ ಮಾತ್ರ ಕೊನೆಯಲ್ಲಿ ಜಾರಿತು. ಬಾಗಿಲಲ್ಲಿ ಸಾಹೇಬರು, ಮೂಲೆಯಲ್ಲಿ ಎಂಜಿನಿಯರ್, ಇಬ್ಬರೂ ಅವಳ ಬಾಯಿ ನೋಡುತ್ತಿದ್ದರು. ಅವಳು ತುಟಿ ಬಿಚ್ಚಲಿಲ್ಲ. ಮಾವ ಕಾದ. ಅವನ ಬೆನ್ನು ಇದ್ದಕ್ಕಿದ್ದಂತೆ ನೆಟ್ಟಗಾಯಿತು.

“ಒಪ್ಪಿಗೆ ಆಗ್ಲಿಲ್ವಾ?” ಎಂದು ಮುಂದೆ ನೋಡುತ್ತಲೇ ಕೇಳಿದ.

“ಇಲ್ಲ.”

“ಹಾಳಾದವಳೇ” ಎಂದ ಮಾವ, ದನಿಯಲ್ಲಿ ತಡೆಯಲಾರದಷ್ಟು ಸಂತೋಷ ತುಂಬಿಕೊಂಡು. ಗಂಟಲು ಸರಿಮಾಡಿಕೊಂಡು ಅದೇ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡ.